ಸಕ್ಕರೆಯ ಬದಲಿಗೆ ಏನು? ದಿನನಿತ್ಯದ ಊಟ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ
ಲೇಖಕರು: ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಮಿಶ್ರಿಕೋಟಿ, ತಾ. ಕಲಘಟಗಿ

ಪಾಠದ ಉದ್ದೇಶ: ಈ ಲೇಖನವನ್ನು ಓದಿದ ನಂತರ ಸದಸ್ಯರು (1) ತಮ್ಮ ಮನೆಯ ಸಕ್ಕರೆಯ ಬಳಕೆಯನ್ನು ತಾವೇ ಲೆಕ್ಕ ಹಾಕಬಲ್ಲವರಾಗಬೇಕು, (2) ಬೆಲ್ಲ, ಸಿರಿಧಾನ್ಯ ಮುಂತಾದವುಗಳ ಕುರಿತು ಪ್ರಚಲಿತವಿರುವ ಅರ್ಧಸತ್ಯಗಳನ್ನು ಗುರುತಿಸಬೇಕು, (3) ತಮ್ಮ ಗ್ರಾಮದಲ್ಲಿ ಒಳ್ಳೆಯ ಆಹಾರ ಸುಲಭವಾಗಿ ಕೈಗೆ ಸಿಗುವಂತೆ ಪಂಚಾಯತಿಯಿಂದ ಏನು ಮಾಡಬಹುದೆಂಬುದನ್ನು ಸಭೆಯಲ್ಲಿ ಮಂಡಿಸಲು ಶಕ್ತರಾಗಬೇಕು.



ಕುಡಿಯುವ ನೀರು, ರಸ್ತೆ, ಬೀದಿದೀಪ, ಕರ ವಸೂಲಿಗಳ ನಡುವೆ ಊಟದ ವಿಷಯ ಪಂಚಾಯತಿಯ ಸಭೆಗೆ ಬರುವುದು ವಿರಳ. ‘ಯಾರ ಮನೆಯಲ್ಲಿ ಏನು ಉಣ್ಣುತ್ತಾರೆಂಬುದು ನಮಗೇಕೆ?’ ಎಂಬ ಪ್ರಶ್ನೆ ಸಹಜವೇ ಆಗಿದೆ. ನಾನೂ ಹಾಗೆಯೇ ಭಾವಿಸಿದ್ದೆ. ಆ ಭಾವನೆಯನ್ನು ಬದಲಿಸಿದವರು ನನ್ನೊಡನೆ ಕೆಲಸ ಮಾಡುವ ಒಬ್ಬ ನೀರುಗಂಟಿ.

1. ಒಂದು ತಪ್ಪು ಸಲಹೆ

ಆರೋಗ್ಯ ತಪಾಸಣೆಯಲ್ಲಿ ಅವರಿಗೆ ಮಧುಮೇಹ ಇರುವುದು ತಿಳಿದುಬಂದಿತು. ವಯಸ್ಸು ಐವತ್ತೂ ಆಗಿರಲಿಲ್ಲ. ಅವರು ಕಚೇರಿಗೆ ಬಂದು ಏನು ಮಾಡಬೇಕೆಂದು ಕೇಳಿದಾಗ, ವೈದ್ಯರು ಕೊಟ್ಟ ಗುಳಿಗೆ ತಪ್ಪಿಸಬೇಡಿರೆಂದು ಹೇಳಿದ ನಾನು, ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದೆ: ‘ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಳ್ಳಿ, ಏನೂ ಆಗುವುದಿಲ್ಲ.’ ಆ ಮಾತಿಗೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಎಲ್ಲರೂ ಹೇಳುವುದನ್ನೇ ನಾನೂ ಹೇಳಿದ್ದೆ.

ಮೂರು ತಿಂಗಳ ನಂತರ ಅವರ ಕಾಲಿನ ಬೆರಳಿಗೆ ಆದ ಸಣ್ಣ ಗಾಯ ಮಾಯಲಿಲ್ಲ. ವಾಲ್ವ್ ತಿರುಗಿಸಲು ನಸುಕಿನಲ್ಲಿ ಊರೆಲ್ಲ ಅಡ್ಡಾಡುವ ಮನುಷ್ಯ ಮನೆಯಲ್ಲಿ ಕೂರಬೇಕಾಯಿತು. ‘ಸಾಹೇಬ್ರ, ಸಕ್ರಿ ಬಿಟ್ಟು ಮೂರು ತಿಂಗಳಾತ್ರಿ. ಬೆಲ್ಲದ ಚಹಾ ಅಷ್ಟ ಕುಡಿತೀನ್ರಿ. ಆದ್ರೂ ಕಡಿಮಿ ಆಗವಲ್ದು’ ಎಂದು ಅವರು ಹೇಳಿದಾಗ ನನಗೆ ಉತ್ತರ ತೋಚಲಿಲ್ಲ. ವಿಚಾರಿಸಿದಾಗ, ‘ಬೆಲ್ಲದ್ದಲ್ಲವೇ’ ಎಂಬ ಧೈರ್ಯದಿಂದ ದಿನಕ್ಕೆ ನಾಲ್ಕು ಕಪ್ಪಿದ್ದ ಚಹಾ ಆರು ಕಪ್ಪಿಗೆ ಏರಿತ್ತು. ಪ್ರತಿ ಚಹಾದೊಂದಿಗೆ ಎರಡು ಟೋಸ್ಟು ಬೇರೆ.

ಇದು ಒಬ್ಬರ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ; 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇನ್ನೊಂದೆಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಹಾಗೂ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಜನರಿಗೆ ರಕ್ತಹೀನತೆ ಇದೆ. ಒಂದೇ ಮನೆಯಲ್ಲಿ ಅಜ್ಜನಿಗೆ ಸಕ್ಕರೆ ಹೆಚ್ಚು, ಮೊಮ್ಮಗುವಿಗೆ ರಕ್ತ ಕಡಿಮೆ ಎಂಬ ಸ್ಥಿತಿಯನ್ನು ನಾವು ಕಾಣುತ್ತಿದ್ದೇವೆ. ಹೊಟ್ಟೆ ತುಂಬಿಸುವ ಆದರೆ ಮೈಗೆ ಹತ್ತದ ಆಹಾರ ಈ ಎರಡಕ್ಕೂ ಕೊಡುಗೆ ನೀಡುತ್ತದೆ.

2. ಎಷ್ಟು ಸಕ್ಕರೆ ಹೆಚ್ಚು? ಮನೆಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗಸೂಚಿಯಂತೆ, ದಿನದ ಒಟ್ಟು ಶಕ್ತಿಯಲ್ಲಿ ಇಂತಹ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆಯಿರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಲೇಸು. ವಯಸ್ಕರಿಗೆ ಮೊದಲನೆಯದು ಸುಮಾರು 50 ಗ್ರಾಂ, ಎರಡನೆಯದು ಸುಮಾರು 25 ಗ್ರಾಂ, ಅಂದರೆ ಸುಮಾರು 6 ಚಹಾ ಚಮಚೆ. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು: ಈ ಲೆಕ್ಕದಲ್ಲಿ ಜೇನುತುಪ್ಪ, ಪಾಕ ಮತ್ತು ಹಣ್ಣಿನ ರಸದಲ್ಲಿರುವ ಸಕ್ಕರೆಯೂ ಸೇರುತ್ತದೆ. ಇಡಿಯಾಗಿ ತಿನ್ನುವ ಹಣ್ಣು ಮತ್ತು ಹಾಲಿನಲ್ಲಿ ಸಹಜವಾಗಿರುವ ಸಿಹಿ ಸೇರುವುದಿಲ್ಲ.

ನೀರುಗಂಟಿಯವರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕಪ್ಪಿಗೆ 2 ಚಮಚೆ, ಚಮಚೆಗೆ 4 ಗ್ರಾಂ, ದಿನಕ್ಕೆ 6 ಕಪ್ಪು: ಒಟ್ಟು 48 ಗ್ರಾಂ. ಊಟಕ್ಕೆ ಕೂರುವ ಮೊದಲೇ, ಟೋಸ್ಟನ್ನು ಎಣಿಸದೆಯೇ, ದಿನದ ಮಿತಿ ಮುಗಿದುಹೋಗಿತ್ತು.

ಪ್ರತಿ ಮನೆಗೂ ಅನ್ವಯಿಸುವ ಸರಳ ಸೂತ್ರ ಹೀಗಿದೆ. ತಿಂಗಳಿಗೆ ಮನೆಗೆ ತರುವ ಸಕ್ಕರೆ ಮತ್ತು ಬೆಲ್ಲ ಎರಡನ್ನೂ ಕೂಡಿಸಿ ಗ್ರಾಂಗೆ ಪರಿವರ್ತಿಸಿರಿ. ಅದನ್ನು ಮನೆಯ ಜನರ ಸಂಖ್ಯೆಯಿಂದ ಭಾಗಿಸಿರಿ. ಬಂದುದನ್ನು ಮತ್ತೆ 30ರಿಂದ ಭಾಗಿಸಿರಿ. ಉದಾಹರಣೆಗೆ, ಐದು ಜನರ ಮನೆಗೆ ತಿಂಗಳಿಗೆ 5 ಕಿಲೋ ಸಕ್ಕರೆ, 1 ಕಿಲೋ ಬೆಲ್ಲ ಬಂದರೆ, 6000 ಭಾಗಿಸು 5, ಭಾಗಿಸು 30: ತಲೆಗೆ ದಿನಕ್ಕೆ 40 ಗ್ರಾಂ. ಇದಕ್ಕೆ ಅಂಗಡಿಯ ಬಿಸ್ಕಿಟ್, ಚಾಕೊಲೇಟ್, ತಂಪು ಪಾನೀಯಗಳನ್ನು ಇನ್ನೂ ಕೂಡಿಸಿಲ್ಲ. 250 ಮಿ.ಲೀ. ಸಾಮಾನ್ಯ ತಂಪು ಪಾನೀಯದ ಒಂದು ಬಾಟಲಿಯಲ್ಲಿಯೇ 25 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ.

ಈ ಲೆಕ್ಕವನ್ನು ಮಹಿಳಾ ಗ್ರಾಮ ಸಭೆಯಲ್ಲಿ ಒಮ್ಮೆ ಮಾಡಿಸಿರಿ. ಒಂದು ತಾಸಿನ ಭಾಷಣಕ್ಕಿಂತ ಇದು ಹೆಚ್ಚು ಮನಮುಟ್ಟುತ್ತದೆ.

3. ಬೆಲ್ಲದ ನಿಜ

ಬೆಲ್ಲ ನಮ್ಮ ಸಂಸ್ಕೃತಿಯ ಭಾಗ. ಶೇಂಗಾ ಉಂಡಿ, ಎಳ್ಳಿನ ಹೋಳಿಗೆ, ಗೋಧಿ ಹುಗ್ಗಿ, ಮಾದಲಿ ಇವೆಲ್ಲ ಬೆಲ್ಲವಿಲ್ಲದೆ ಇಲ್ಲ. ಸಕ್ಕರೆಯನ್ನು ಶುದ್ಧೀಕರಿಸುವಾಗ ಕಬ್ಬಿನ ರಸದಲ್ಲಿನ ಖನಿಜಾಂಶಗಳು ಬೇರ್ಪಟ್ಟು ಹೋಗುತ್ತವೆ. ಬೆಲ್ಲದಲ್ಲಿ ಅವುಗಳ ಒಂದಂಶ ಉಳಿಯುತ್ತದೆ. ಅಷ್ಟರಮಟ್ಟಿಗೆ ಬೆಲ್ಲ ಮೇಲು ಎಂಬುದು ನಿಜ.

ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ. ದೇಹಕ್ಕೆ ಸೇರುವ ಶಕ್ತಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವಂತಹ ಅಂತರವಿಲ್ಲ. ಕಬ್ಬಿಣಾಂಶಕ್ಕಾಗಿ ಬೆಲ್ಲ ತಿನ್ನಬೇಕೆಂಬ ಮಾತನ್ನೂ ತೂಗಿ ನೋಡೋಣ. 100 ಗ್ರಾಂ ಬೆಲ್ಲದಲ್ಲಿ ಇರುವುದು ಕೆಲವೇ ಮಿಲಿಗ್ರಾಂ ಕಬ್ಬಿಣ. ವಯಸ್ಕ ಮಹಿಳೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದ ಪ್ರಮಾಣ ದಿನಕ್ಕೆ 29 ಮಿಲಿಗ್ರಾಂ. ಚಹಾಕ್ಕೆ ಹಾಕುವ ಒಂದು ತುಣುಕು ಬೆಲ್ಲದಿಂದ ಆ ಕೊರತೆ ನೀಗದು. ಅದಕ್ಕೆ ಸೊಪ್ಪು, ಕಾಳು, ಸಜ್ಜೆ ಬೇಕು. ಜೊತೆಗೆ ಲಿಂಬೆಯಂತಹ ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುವುದು ಹೆಚ್ಚು. ಊಟದೊಂದಿಗೇ ಚಹಾ ಕುಡಿದರೆ ಅದು ಕಡಿಮೆ. ಆರೋಗ್ಯ ಇಲಾಖೆಯಿಂದ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನೂ ಬಿಡಬಾರದು.

ಆದ್ದರಿಂದ ಈ ಪಾಠದ ಮುಖ್ಯ ಮಾತು ಇದು: ಸಿಹಿಯ ಹೆಸರು ಬದಲಾದರೆ ಸಾಲದು, ಅಳತೆ ಕಡಿಮೆಯಾಗಬೇಕು. ಮಧುಮೇಹ ಇದ್ದವರಿಗೆ ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆ ಯಾವುದೂ ರಿಯಾಯಿತಿಯಲ್ಲ. ಇನ್ನು, ಸಕ್ಕರೆರಹಿತ ಸಿಹಿಗುಳಿಗೆಗಳನ್ನು ತೂಕ ಇಳಿಸುವ ಸಲುವಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಮಧುಮೇಹ ಇದ್ದವರು ಆ ಕುರಿತು ತಮ್ಮ ವೈದ್ಯರನ್ನೇ ಕೇಳಬೇಕು.

ಬೆಲ್ಲ ಕೊಳ್ಳುವಾಗ ಇನ್ನೊಂದು ಎಚ್ಚರಿಕೆ: ಹೊಳೆಯುವ ಹಳದಿ ಬಣ್ಣಕ್ಕೆ ಮಾರುಹೋಗದಿರಿ. ಬಣ್ಣ ತಿಳಿಯಾಗಲೆಂದು ಗಾಣದಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಬಳಸುವ ರೂಢಿಯಿದೆ. ಕಂದು ಬಣ್ಣದ ಬೆಲ್ಲವೇ ಸಾಮಾನ್ಯವಾಗಿ ಉತ್ತಮ ಆಯ್ಕೆ.

4. ಪ್ಯಾಕೆಟ್ಟಿನ ಬೆನ್ನನ್ನು ಓದುವುದು

ಪ್ಯಾಕೆಟ್ಟಿನ ಮುಂಭಾಗ ಜಾಹೀರಾತು, ಹಿಂಭಾಗ ಕಾನೂನು. ಹಿಂಭಾಗದಲ್ಲಿ ಮೂರು ಸಂಗತಿಗಳನ್ನು ನೋಡಬೇಕು.

ಮೊದಲನೆಯದು, ಘಟಕಗಳ ಪಟ್ಟಿ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೊದಲ ಮೂರರಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಇದ್ದರೆ ಅದು ದಿನವೂ ತಿನ್ನುವ ಪದಾರ್ಥವಲ್ಲ. ‘ಲಿಕ್ವಿಡ್ ಗ್ಲೂಕೋಸ್’, ‘ಇನ್ವರ್ಟ್ ಸಿರಪ್’, ‘ಡೆಕ್ಸ್ಟ್ರೋಸ್’ ಎಂಬುವೂ ಸಕ್ಕರೆಯ ಬಂಧುಗಳೇ.

ಎರಡನೆಯದು, 100 ಗ್ರಾಂನಲ್ಲಿ ಇರುವ ಸೇರಿಸಿದ ಸಕ್ಕರೆಯ ಪ್ರಮಾಣ. ಸಿಹಿ ಬಿಸ್ಕಿಟ್ಟುಗಳಲ್ಲಿ ಇದು 20 ಗ್ರಾಂ ಅಥವಾ ಅದಕ್ಕೂ ಮೇಲಿರುವುದು ಸಾಮಾನ್ಯ. ಅಂದರೆ ಐದನೆಯ ಒಂದು ಭಾಗ ಸಕ್ಕರೆ.

ಮೂರನೆಯದು, ನಿವ್ವಳ ತೂಕ. 5 ರೂಪಾಯಿ ಪ್ಯಾಕೆಟ್ಟಿನಲ್ಲಿ 20 ಗ್ರಾಂ ಕುರುಕಲು ಇದ್ದರೆ ಕಿಲೋಗೆ 250 ರೂಪಾಯಿ ಆಯಿತು. ಸಂತೆಯಲ್ಲಿ ಶೇಂಗಾ ಮತ್ತು ಪುಟಾಣಿಯ ದರ ಕೇಳಿ ಇದರೊಡನೆ ಹೋಲಿಸಿರಿ. ಅಗ್ಗವೆಂದು ನಾವು ನಂಬಿದ್ದು ಅಗ್ಗವಲ್ಲ.

‘ಸಿರಿಧಾನ್ಯ ಬಿಸ್ಕಿಟ್’ ಎಂಬ ಹೆಸರಿದ್ದರೂ ಇದೇ ಪರೀಕ್ಷೆಯನ್ನು ಮಾಡಬೇಕು. ಪಟ್ಟಿಯಲ್ಲಿ ಮೈದಾ ಮೊದಲು, ನವಣೆ ಕೊನೆಗೆ ಇದ್ದರೆ ಅದು ಹೆಸರಿಗಷ್ಟೇ ಸಿರಿಧಾನ್ಯ.

ತಾಯಂದಿರನ್ನು ದೂರುವುದು ಮಾತ್ರ ಸಲ್ಲದು. ಸೋಯಾಬೀನ್ ಕಳೆ ತೆಗೆಯಲು ಬೆಳಿಗ್ಗೆ ಎಂಟಕ್ಕೆ ಹೊಲಕ್ಕೆ ಹೊರಡುವ ತಾಯಿ ಅಳುವ ಮಗುವಿನ ಕೈಗೆ 5 ರೂಪಾಯಿ ಕೊಡುತ್ತಾಳೆ. ಓಣಿಯ ಅಂಗಡಿಯಲ್ಲಿ ಆ ದುಡ್ಡಿಗೆ ಸಿಗುವುದು ಅದೊಂದೇ. ಅಂಗಡಿಯವರೂ ಮಾರಾಟವಾಗುವುದನ್ನೇ ಇಡುತ್ತಾರೆ. ಬೇರೆಯದು ಕೈಗೆ ಸಿಗುವಂತೆ ಮಾಡುವುದೇ ನಮ್ಮ ಕೆಲಸ.

5. ನಮ್ಮ ಅಡುಗೆಮನೆಯಲ್ಲೇ ಇರುವ ಪರ್ಯಾಯ

ಧಾರವಾಡ ಜಿಲ್ಲೆಯ ಊಟಕ್ಕೆ ಹೊರಗಿನಿಂದ ಪರ್ಯಾಯ ತರಬೇಕಾಗಿಲ್ಲ. ನವಲಗುಂದದ ಎರೆಭೂಮಿಯ ಬಿಳಿಜೋಳ, ಊರಿನ ಹೆಸರನ್ನೇ ತಳಿಗೆ ಕೊಟ್ಟ ಅಣ್ಣಿಗೇರಿಯ ಕಡಲೆ, ಕುಂದಗೋಳದ ಶೇಂಗಾ ಮತ್ತು ಕಿರುಧಾನ್ಯ ಇವೆಲ್ಲ ನಮ್ಮವೇ. ಶಾವಿಗೆ, ಮಾದಲಿಗೆ ಹೆಸರಾದ ಸದಕ ಅಥವಾ ಜವೆ ಗೋಧಿಯ ಡಿಡಿಕೆ-1025, ಡಿಡಿಕೆ-1029 ತಳಿಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ ನೀಡಿದೆ.

ದಿನಚರಿಯಲ್ಲಿ ಮಾಡಬಹುದಾದ ಬದಲಾವಣೆಗಳು:

• ಚಹಾ: ಕಪ್ಪಿನ ಅಳತೆ ಚಿಕ್ಕದಾಗಲಿ, ಸಕ್ಕರೆ ವಾರಕ್ಕೆ ಅರ್ಧ ಚಮಚೆಯಂತೆ ಇಳಿಯಲಿ. ನಾಲಿಗೆ ಹೊಸ ರುಚಿಗೆ ಕೆಲವು ವಾರಗಳಲ್ಲಿ ಒಗ್ಗುತ್ತದೆ. ಖಾರಿ, ಟೋಸ್ಟಿನ ಬದಲು ಒಂದು ಹಿಡಿ ಹುರಿದ ಶೇಂಗಾ ಅಥವಾ ಪುಟಾಣಿ.

• ಊಟ: ಜೋಳದ ರೊಟ್ಟಿ, ಹೆಸರು ಅಥವಾ ಮಡಿಕೆ ಕಾಳಿನ ಪಲ್ಯ, ಹಕ್ಕರಕಿ ಮತ್ತು ಮೆಂತ್ಯದ ಹಸಿ ತಪ್ಪಲು, ಗುರೆಳ್ಳು ಅಥವಾ ಅಗಸಿ ಚಟ್ನಿಪುಡಿ, ಮೊಸರು. ಅನ್ನ ಬೇಡವೆಂದಲ್ಲ, ರೊಟ್ಟಿ, ಕಾಳು, ಪಲ್ಯ ಮೊದಲು ತಟ್ಟೆ ತುಂಬಲಿ, ಅನ್ನ ಕೊನೆಗೆ ಕಡಿಮೆ ಇರಲಿ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರಿನಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

• ಮಕ್ಕಳ ತಿನಿಸು: ಪುಟಾಣಿ, ಶೇಂಗಾ, ಅಳ್ಳಿಟ್ಟು, ಬಾಳೆಹಣ್ಣು, ಪೇರಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ, ಕಡಲೆ ಗಂಟಲಲ್ಲಿ ಸಿಕ್ಕುವ ಅಪಾಯವಿರುವುದರಿಂದ ಪುಡಿ ಮಾಡಿಯೇ ಕೊಡಬೇಕು.

• ಪಾನೀಯ: ಮಜ್ಜಿಗೆ, ಜೋಳದ ಅಂಬಲಿ, ಉಪ್ಪು ಹಾಕಿದ ಲಿಂಬೆ ನೀರು.

• ಸಂಜೆ: ಗಿರಮಿಟ್ ಅಥವಾ ಉಳ್ಳಾಗಡ್ಡಿ, ಪುಟಾಣಿ ಬೆರೆಸಿದ ಚುರುಮುರಿ ತಿಂದವರು ಜೊತೆಗೆ ಮಿರ್ಚಿಯನ್ನು ಎಣಿಸಿ ತಿನ್ನಲಿ.

ಹೋಳಿಗೆ, ಹುಗ್ಗಿ, ಧಾರವಾಡದ ಪೇಡೆ ಇವುಗಳನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಹಬ್ಬದ ಸಿಹಿ ಹಬ್ಬಕ್ಕೇ ಇರಲಿ. ಹಬ್ಬವಲ್ಲದ ದಿನದಲ್ಲಿ, ನಮಗೆ ಅರಿವಿಲ್ಲದೆ ಒಳಗೆ ಹೋಗುವ ಸಿಹಿಯೇ ಹೆಚ್ಚು ಹಾನಿಕರ.

ಸಿರಿಧಾನ್ಯಗಳಲ್ಲಿಯೂ ಪಿಷ್ಟ ಇದ್ದೇ ಇದೆ. ‘ಎಷ್ಟಾದರೂ ತಿನ್ನಬಹುದು’ ಎಂಬುದು ಸರಿಯಲ್ಲ. ಅತಿಯಾಗಿ ಪಾಲಿಶ್ ಮಾಡಿದ ನವಣೆ, ಸಾಮೆಗಳಲ್ಲಿ ನಾರು ಉಳಿಯುವುದಿಲ್ಲವೆಂಬುದನ್ನೂ ನೆನಪಿಡಬೇಕು.

6. ತೀರ್ಥ ಗ್ರಾಮದ ಪಾಠ

ಒಳ್ಳೆಯದೆಂದು ಗೊತ್ತಿದ್ದರೂ ಸಾಮೆ, ನವಣೆ, ಬರಗು ನಮ್ಮ ಮನೆಗಳಿಂದ ಏಕೆ ಹೊರಬಿದ್ದವು? ನಾನು ಓದಿದ್ದು ಇಂಜಿನಿಯರಿಂಗ್; ನನಗೆ ಕಾಣುವ ಒಂದು ದೊಡ್ಡ ಕಾರಣ ಯಂತ್ರದ್ದು. ಜೋಳವನ್ನು ನೇರವಾಗಿ ಗಿರಣಿಗೆ ಒಯ್ದು ಹಿಟ್ಟು ಮಾಡಿಸಬಹುದು. ಆದರೆ ಕಿರುಧಾನ್ಯಗಳ ಕಾಳಿಗೆ ಗಟ್ಟಿಯಾದ ಸಿಪ್ಪೆಯಿದೆ. ಅದನ್ನು ಬಿಡಿಸದೆ ಅನ್ನ ಮಾಡಲಾಗದು. ಒರಳಿನಲ್ಲಿ ಕುಟ್ಟಿ, ಕೇರಿ, ಮತ್ತೆ ಕುಟ್ಟುವ ಶ್ರಮವೆಲ್ಲ ಹೆಣ್ಣುಮಕ್ಕಳ ಪಾಲಿಗಿತ್ತು. ಸಿದ್ಧವಾದ ಅಕ್ಕಿ ಅಂಗಡಿಯಲ್ಲಿ ಸಿಗತೊಡಗಿದಾಗ ಅವರು ಒರಳನ್ನು ಬದಿಗಿಟ್ಟರು. ಅದರಲ್ಲಿ ತಪ್ಪೇನಿದೆ?

ಈ ಕೊಂಡಿಯನ್ನು ಅರಿತು ಕೆಲಸ ಮಾಡಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ಮಳೆಯಾಶ್ರಿತ ಹೊಲಗಳಲ್ಲಿ ಕಿರುಧಾನ್ಯಗಳ ಮಿಶ್ರಬೆಳೆಯನ್ನು ಮರಳಿ ತಂದರು. ಸಮುದಾಯ ಬೀಜ ಬ್ಯಾಂಕ್ ಕಟ್ಟಿದರು. ಸೌರಶಕ್ತಿಯಿಂದ ನಡೆಯುವ ಸಂಸ್ಕರಣಾ ಘಟಕವನ್ನು ನಡೆಸುತ್ತಿದ್ದಾರೆ. ಸಹಜ ಸಮೃದ್ಧ ಸಂಸ್ಥೆ ಅವರಿಗೆ ಬೆಂಬಲವಾಗಿ ನಿಂತಿತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಗೆ ಜಗತ್ತಿನಾದ್ಯಂತ ಆಯ್ಕೆಯಾದ 10 ಸಂಸ್ಥೆಗಳಲ್ಲಿ ಈ ಸಂಘವೂ ಒಂದಾಯಿತು.

ಪ್ರಶಸ್ತಿಗಿಂತ ನಮಗೆ ಮುಖ್ಯವಾದುದು ಅವರ ಕೆಲಸದ ಕ್ರಮ. ಬೀಜ, ಬೆಳೆ, ಯಂತ್ರ, ಮಾರಾಟ ಈ ನಾಲ್ಕೂ ಕೂಡಿದ್ದರಿಂದ ಧಾನ್ಯ ಮರಳಿ ಅಡುಗೆಮನೆಯ ಹತ್ತಿರ ಬಂದಿತು. ಇವುಗಳಲ್ಲಿ ಒಂದು ತಪ್ಪಿದ್ದರೂ ಸರಪಳಿ ಕಡಿಯುತ್ತಿತ್ತು. ಸದಸ್ಯರು ಒಂದು ದಿನ ತೀರ್ಥಕ್ಕೆ ಹೋಗಿ ನೋಡಿಬರುವುದು ಉತ್ತಮ ಅಧ್ಯಯನ ಪ್ರವಾಸವಾದೀತು.

7. ಪಂಚಾಯತಿ ಏನು ಮಾಡಬಹುದು?

(ಅ) ತನ್ನ ಸಭೆಯಿಂದಲೇ ಆರಂಭಿಸುವುದು. ಸಾಮಾನ್ಯ ಸಭೆ, ಗ್ರಾಮ ಸಭೆ, ರಾಷ್ಟ್ರೀಯ ಹಬ್ಬಗಳಲ್ಲಿ ಬಿಸ್ಕಿಟ್, ತಂಪು ಪಾನೀಯಗಳ ಬದಲು ಮಜ್ಜಿಗೆ, ಶೇಂಗಾ, ಪುಟಾಣಿ, ಹಣ್ಣು ಕೊಡುವುದು. ಇದಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ.

(ಆ) ಶಾಲೆ ಮತ್ತು ಅಂಗನವಾಡಿ. 2024ರ ಫೆಬ್ರವರಿಯಿಂದ ಸರಕಾರಿ ಶಾಲಾ ಮಕ್ಕಳಿಗೆ ಹಾಲಿನೊಂದಿಗೆ ರಾಗಿ ಹುರಿಹಿಟ್ಟು ಕೊಡುವ ಕಾರ್ಯಕ್ರಮ ಆರಂಭವಾಗಿದೆ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಸುಣ್ಣದಂಶವಿದೆ. ಅದು ಮಕ್ಕಳಿಗೆ ಸರಿಯಾಗಿ ತಲುಪುತ್ತಿದೆಯೇ ಎಂದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಡನೆ ಕೂಡಿ ನೋಡಬೇಕು. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಹಂಚುವ ಬದಲು ಹಣ್ಣು ಹಂಚುವ ರೂಢಿಯನ್ನು ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳ ಬಾಯಿಂದಲೇ ಪ್ರಸ್ತಾಪಿಸಬಹುದು.

(ಇ) ಶಾಲೆಯ ಸುತ್ತಲಿನ ಅಂಗಡಿ. ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆ ಇರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ. ಅದರ ಜಾರಿ ಆಹಾರ ಸುರಕ್ಷತಾ ಅಧಿಕಾರಿಯ ಕೆಲಸ. ನಾವು ಮೊದಲು ಅಂಗಡಿಯವರನ್ನು ಕರೆದು ಮಾತನಾಡಿ, ಪರ್ಯಾಯ ಸರಕನ್ನು ಒದಗಿಸಿ, ಅನಂತರವೇ ಪತ್ರ ಬರೆಯುವುದು ಒಳಿತು.

(ಈ) ಸ್ವಸಹಾಯ ಸಂಘಗಳ ಒಕ್ಕೂಟ. ಓಣಿಯ ಅಂಗಡಿಗೆ 5 ಮತ್ತು 10 ರೂಪಾಯಿಯ ಶೇಂಗಾ-ಪುಟಾಣಿ ಪೊಟ್ಟಣ, ರೊಟ್ಟಿ, ಚಟ್ನಿಪುಡಿ ಪೂರೈಸುವ ಕೆಲಸವನ್ನು ಸಂಜೀವಿನಿ ಒಕ್ಕೂಟಕ್ಕೆ ವಹಿಸಬಹುದು. ಆಹಾರ ಸುರಕ್ಷತಾ ನೋಂದಣಿ ಪಡೆಯಲು ಪಂಚಾಯತಿ ಕಚೇರಿ ನೆರವಾಗಬೇಕು.

(ಉ) ಯೋಜನೆಯಲ್ಲಿ ಸೇರ್ಪಡೆ. ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ ಒಂಬತ್ತು ವಿಷಯಗಳಲ್ಲಿ ‘ಆರೋಗ್ಯಯುಕ್ತ ಗ್ರಾಮ’ ಒಂದು. ಅಂಗನವಾಡಿಯ ಕೈತೋಟ, ಧಾನ್ಯದ ಸಿಪ್ಪೆ ಬಿಡಿಸುವ ಯಂತ್ರಕ್ಕೆ ಸ್ಥಳ, ವಿದ್ಯುತ್ ಸಂಪರ್ಕ ಇವುಗಳನ್ನು ಅದರಡಿ ಪ್ರಸ್ತಾಪಿಸಬಹುದು.

(ಊ) ತಪಾಸಣೆ. 30 ವರ್ಷ ದಾಟಿದ ಪ್ರತಿಯೊಬ್ಬರೂ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಮಾಡಿಸಿಕೊಳ್ಳುವಂತೆ ನೋಡಿಕೊಳ್ಳಬೇಕು. ಮೊದಲು ಸದಸ್ಯರು ಮತ್ತು ಸಿಬ್ಬಂದಿ ಮಾಡಿಸಿಕೊಂಡರೆ ಊರವರು ಹಿಂದೆ ಬರುತ್ತಾರೆ.

ನಿರ್ಣಯದ ಮಾದರಿ: ‘ಈ ದಿನದ ಸಾಮಾನ್ಯ ಸಭೆಯು ಚರ್ಚಿಸಿ, ಇನ್ನು ಮುಂದೆ ಪಂಚಾಯತಿಯ ಎಲ್ಲ ಸಭೆ ಸಮಾರಂಭಗಳಲ್ಲಿ ಸ್ಥಳೀಯ ಧಾನ್ಯ, ಕಾಳು, ಹಣ್ಣು ಮತ್ತು ಮಜ್ಜಿಗೆಯನ್ನೇ ಉಪಾಹಾರವಾಗಿ ನೀಡುವುದೆಂದೂ, ಸಾಧ್ಯವಾದಷ್ಟು ಅದನ್ನು ಗ್ರಾಮದ ಸ್ವಸಹಾಯ ಸಂಘಗಳಿಂದಲೇ ಖರೀದಿಸುವುದೆಂದೂ, ಆರು ತಿಂಗಳ ನಂತರ ಈ ವಿಷಯವನ್ನು ಪುನಃ ಪರಿಶೀಲಿಸುವುದೆಂದೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

8. ಸಮಾರೋಪ

ನೀರುಗಂಟಿಯವರು ಆಸ್ಪತ್ರೆಗೆ ನಾಲ್ಕಾರು ಬಾರಿ ಅಲೆದು, ಗುಳಿಗೆಯ ಪ್ರಮಾಣ ಬದಲಾಗಿ, ಚಹಾ ಎರಡು ಕಪ್ಪಿಗೆ ಇಳಿದು, ಸಿಹಿ ಪೂರ್ತಿ ನಿಂತ ಮೇಲೆ ಗಾಯ ನಿಧಾನವಾಗಿ ಮಾಯ್ದಿತು. ಅವರ ಬೆರಳು ಉಳಿಯಿತು, ಎಲ್ಲರಿಗೂ ಉಳಿಯುವುದಿಲ್ಲ. ಈಗ ಅವರು ನಸುಕಿನಲ್ಲಿ ಚಪ್ಪಲಿ ಮೆಟ್ಟದೆ ಹೊರಗೆ ಕಾಲಿಡುವುದಿಲ್ಲ. ಜೇಬಿನಲ್ಲಿ ಒಂದು ಹಿಡಿ ಪುಟಾಣಿ ಇರುತ್ತದೆ. ನಾನು ಯಾರಿಗಾದರೂ ಊಟದ ಸಲಹೆ ಕೊಡುವ ಮೊದಲು ಲೆಕ್ಕ ಮಾಡಿ ನೋಡುತ್ತೇನೆ.

ಊಟ ಮನೆಯ ವಿಷಯವೇ ಹೌದು. ಆದರೆ ಮನೆಯ ಹತ್ತಿರ ಏನು ಸಿಗುತ್ತದೆ ಎಂಬುದು ಊರಿನ ವಿಷಯ. ಊರಿನ ವಿಷಯ ಪಂಚಾಯತಿಯ ವಿಷಯ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ತಲೆಗೆ ದಿನಕ್ಕೆ ಎಷ್ಟು ಗ್ರಾಂ ಸಕ್ಕರೆ ಮತ್ತು ಬೆಲ್ಲ ಬಳಕೆಯಾಗುತ್ತಿದೆ?
2. ನಿಮ್ಮ ವಾರ್ಡಿನ ಅಂಗಡಿಯಲ್ಲಿ 5 ರೂಪಾಯಿಗೆ ಮಗುವಿಗೆ ಸಿಗುವ ತಿನಿಸುಗಳು ಯಾವುವು? ಅವುಗಳಲ್ಲಿ ಎಷ್ಟು ಸ್ಥಳೀಯವಾದವು?
3. ನಿಮ್ಮ ಗ್ರಾಮದ ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಎಷ್ಟು ಅಂಗಡಿಗಳಿವೆ?
4. ಕಿರುಧಾನ್ಯದ ಸಿಪ್ಪೆ ಬಿಡಿಸುವ ಯಂತ್ರ ನಿಮ್ಮ ಊರಿನಿಂದ ಎಷ್ಟು ದೂರದಲ್ಲಿದೆ?
5. ಮೇಲಿನ ನಿರ್ಣಯವನ್ನು ನಿಮ್ಮ ಮುಂದಿನ ಸಭೆಯಲ್ಲಿ ಯಾರು ಮಂಡಿಸುವರು, ಯಾರು ಅನುಮೋದಿಸುವರು?